ಕ್ರಿಸ್ತಜನನದ ವೃತ್ತಾಂತವೂ ಚರಿತ್ರೆಯ ಸಾಕ್ಷ್ಯವೂ

ಡಿಸೆಂಬರ್ ತಿಂಗಳು ಬಂದಾಗ ಮಿಶನ್ ಶಾಲೆಗಳಲ್ಲಿ ಗೋದಲಿಯನ್ನು ಅಲಂಕರಿಸಿ, ಮಕ್ಕಳಿಂದ ಕ್ರಿಸ್ತಜನನದ ರೂಪಕವನ್ನು ಆಡಿಸುವದು ವಾಡಿಕೆ. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಕುರುಬರಾಗಿಯೋ ದೇವದೂತರಾಗಿಯೋ ಅದರಲ್ಲಿ ನಿಂತವರೇ. ಈಗ ಅವರ ಮಕ್ಕಳು ಚರಿತ್ರೆಯನ್ನು ಓದಿ, "ಅಮ್ಮಾ, ಇದೆಲ್ಲವೂ ನಿಜವಾಗಿ ನಡೆದದ್ದೇ?" ಎಂದು ಕೇಳುವ ವಯಸ್ಸಿಗೆ ಬಂದಿದ್ದಾರೆ. ಮಗುವನ್ನು ಗದರಿಸಿ ಸುಮ್ಮನಿರಿಸುವದು ಸುಲಭ. ಎಲ್ಲವೂ ಕಟ್ಟುಕಥೆಯೆಂದು ನಕ್ಕುಬಿಡುವದೂ ಸುಲಭ. ಈ ಎರಡು ದಾರಿಗಳೂ ವಿದ್ಯಾವಂತಳಾದ ತಾಯಿಗೆ ತಕ್ಕವಲ್ಲ. ಆದಕಾರಣ ನ್ಯಾಯಸ್ಥಾನದಲ್ಲಿ ಸಾಕ್ಷಿಗಳನ್ನು ವಿಚಾರಿಸುವ ರೀತಿಯಲ್ಲಿ ಈ ವೃತ್ತಾಂತವನ್ನು ಶಾಂತವಾಗಿ ಪರೀಕ್ಷಿಸೋಣ. ಬೇರೆ ಮತದ ಪೋಷಕರಿಗೂ ಈ ಪಾಠವು ಪ್ರಯೋಜನಕರವಾದೀತು. ಯಾಕಂದರೆ ಪೂರ್ವಿಕರಿಂದ ಬಂದ ಪವಿತ್ರ ಕಥೆಗಳು ಎಲ್ಲರ ಮನೆಗಳಲ್ಲಿಯೂ ಉಂಟು, ಅವುಗಳನ್ನು ಕುರಿತು ಪ್ರಶ್ನೆ ಕೇಳುವ ಮಕ್ಕಳೂ ಉಂಟು.

1. ಗ್ರಂಥದಲ್ಲಿ ಇಲ್ಲದ ಸಂಗತಿಗಳು

ಮೊದಲು ಕಾಳನ್ನೂ ಹೊಟ್ಟನ್ನೂ ಬೇರ್ಪಡಿಸಬೇಕು. ನಮ್ಮ ರೂಪಕಗಳಲ್ಲಿ ಕಾಣುವ ಅನೇಕ ಸಂಗತಿಗಳು ಸುವಾರ್ತೆಗಳಲ್ಲಿ ಇಲ್ಲವೇ ಇಲ್ಲ. ಜೋಯಿಸರು ಮೂವರೆಂದು ಮತ್ತಾಯನು ಹೇಳಿಲ್ಲ. ಕಾಣಿಕೆಗಳು ಮೂರಾದ್ದರಿಂದ ಜನರು ಹಾಗೆ ಎಣಿಸಿದರು. ಅವರು ಅರಸರೆಂಬದೂ ಗ್ರಂಥದ ಮಾತಲ್ಲ. ಗೋದಲಿಯ ಬಳಿಯಲ್ಲಿ ನಿಲ್ಲುವ ಎತ್ತು ಕತ್ತೆಗಳು ಯೆಶಾಯನ ಪ್ರವಾದನೆಯ ಆರಂಭದಲ್ಲಿರುವ ಒಂದು ವಚನದಿಂದ ಬಂದವು. ಡಿಸೆಂಬರ್ 25 ಎಂಬ ದಿನವನ್ನು ಯಾವ ಸುವಾರ್ತಿಕನೂ ಬರೆದಿಲ್ಲ, ರೋಮಾಪುರದಲ್ಲಿ ಕ್ರಿ. ಶ. 354ರಲ್ಲಿ ಸಿದ್ಧವಾದ ಒಂದು ಪಂಚಾಂಗ ಸಂಗ್ರಹದಲ್ಲಿ ಅದು ಕಾಣುತ್ತದೆ. ಈ ಅಲಂಕಾರಗಳು ಬಿದ್ದುಹೋದರೂ ಮೂಲ ವೃತ್ತಾಂತಕ್ಕೆ ಯಾವ ನಷ್ಟವೂ ಇಲ್ಲ.

2. ಇಬ್ಬರು ಸಾಕ್ಷಿಗಳು

ನಾಲ್ಕು ಸುವಾರ್ತೆಗಳಲ್ಲಿ ಮತ್ತಾಯನೂ ಲೂಕನೂ ಮಾತ್ರ ಜನನದ ಕಥೆಯನ್ನು ಬರೆದಿದ್ದಾರೆ. ಬಹುಮಂದಿ ವಿದ್ವಾಂಸರ ಮತದಂತೆ ಈ ಎರಡು ಗ್ರಂಥಗಳು ಕ್ರಿ. ಶ. 70ರಿಂದ 100ರ ಒಳಗೆ ಹುಟ್ಟಿದವು. ಎಂದರೆ ಜನನದ ತರುವಾಯ ಮುಕ್ಕಾಲು ಶತಮಾನದಷ್ಟು ಕಾಲ ಕಳೆದಿತ್ತು. ಅವುಗಳಿಗಿಂತ ಮುಂಚೆ ಬರೆದ ಪೌಲನ ಪತ್ರಿಕೆಗಳಲ್ಲಿ ಯೇಸು ಸ್ತ್ರೀಯಲ್ಲಿ ಹುಟ್ಟಿದವನೆಂದೂ ದಾವೀದನ ವಂಶದವನೆಂದೂ ಇದೆ; ಬೇತ್ಲೆಹೇಮಿನ ಹೆಸರಿಲ್ಲ.

ಇಬ್ಬರು ಸುವಾರ್ತಿಕರೂ ಒಂದೇ ಕಥೆಯನ್ನು ಹೇಳುವದಿಲ್ಲ. ಮತ್ತಾಯನಲ್ಲಿ ನಕ್ಷತ್ರ, ಜೋಯಿಸರು, ಹೆರೋದನ ಕ್ರೌರ್ಯ, ಐಗುಪ್ತಕ್ಕೆ ಪಲಾಯನ. ಲೂಕನಲ್ಲಿ ಖಾನೇಷುಮಾರಿ, ಗೋದಲಿ, ಕುರುಬರು, ದೇವಾಲಯ. ವಂಶಾವಳಿಗಳೂ ಬೇರೆಬೇರೆಯಾಗಿವೆ. ಹೀಗಿದ್ದಾಗ್ಯೂ ಕೆಲವು ಮುಖ್ಯ ವಿಷಯಗಳಲ್ಲಿ ಇಬ್ಬರೂ ಒಮ್ಮತದಿಂದಿದ್ದಾರೆ: ತಾಯಿ ಮರಿಯಳು, ಆಕೆಗೆ ನಿಶ್ಚಿತಾರ್ಥವಾಗಿದ್ದವನು ದಾವೀದನ ವಂಶದ ಯೋಸೇಫನು, ಗರ್ಭಧಾರಣೆಯು ಪವಿತ್ರಾತ್ಮನಿಂದಾದದ್ದು, ಕಾಲವು ಹೆರೋದನ ಆಳಿಕೆ, ಜನನಸ್ಥಳ ಬೇತ್ಲೆಹೇಮ್, ಬೆಳೆದ ಊರು ನಜರೇತ್. ಒಬ್ಬನು ಮತ್ತೊಬ್ಬನನ್ನು ನೋಡಿ ಬರೆದಿದ್ದರೆ ಇಷ್ಟು ಭೇದಗಳು ಇರುತ್ತಿರಲಿಲ್ಲ. ಆದದರಿಂದ ಈ ಒಮ್ಮತದ ಅಂಶಗಳು ಅವರಿಬ್ಬರಿಗಿಂತಲೂ ಹಳೆಯವೆಂದು ಅನೇಕರು ಎಣಿಸುತ್ತಾರೆ.

ಬೇತ್ಲೆಹೇಮಿನ ವಿಷಯದಲ್ಲಿಯೂ ವಾದವುಂಟು. ಮೀಕನ ಪ್ರವಾದನೆಯು ಆ ಊರನ್ನು ಹೆಸರಿಸುವದರಿಂದ ಸುವಾರ್ತಿಕರು ಕಥೆಯನ್ನು ಅಲ್ಲಿಗೆ ಸೇರಿಸಿದರೆಂದು ಕೆಲವರು ಹೇಳುತ್ತಾರೆ. ಪರಸ್ಪರ ನೋಡದ ಇಬ್ಬರು ಅದನ್ನೇ ಹೇಳಿರುವದೂ, ಎರಡನೆಯ ಶತಮಾನದ ಮಧ್ಯದಲ್ಲಿಯೇ ಜಸ್ಟಿನ್ ಎಂಬ ಹುತಾತ್ಮನು ಆ ಊರಿನ ಬಳಿಯ ಗವಿಯೊಂದನ್ನು ಕುರಿತು ಬರೆದಿರುವದೂ ಇನ್ನು ಕೆಲವರಿಗೆ ಪ್ರಬಲವಾಗಿ ಕಾಣುತ್ತವೆ.

3. ಹೆರೋದನ ಕಾಲ

ಯೆಹೂದ್ಯ ಚರಿತ್ರಕಾರನಾದ ಜೋಸೆಫಸನ ಬರಹದಂತೆ, ಹೆರೋದನ ಮರಣಕ್ಕೆ ಸ್ವಲ್ಪ ಮುಂಚೆ ಚಂದ್ರಗ್ರಹಣವಾಯಿತು. ಬಳಿಕ ಪಸ್ಕಹಬ್ಬ ಬಂತು. ಆ ಗ್ರಹಣವು ಕ್ರಿ. ಪೂ. 4ನೆಯ ವರ್ಷ ಮಾರ್ಚ್ 13ರದೆಂದು ಬಹುಮಂದಿ ಪಂಡಿತರು ನಿರ್ಣಯಿಸಿದ್ದಾರೆ. ಹಾಗಾದರೆ ಕ್ರಿಸ್ತನು ಹುಟ್ಟಿದ್ದು "ಕ್ರಿಸ್ತ ಪೂರ್ವ" 4ಕ್ಕೆ ಮುಂಚೆಯೋ? ಮಕ್ಕಳು ನಗುವ ಈ ವೈಚಿತ್ರ್ಯಕ್ಕೆ ಕಾರಣ ಸರಳವಾಗಿದೆ. ನಮ್ಮ ಶಕವನ್ನು ಎಣಿಸಿದವನು ದಿಯೊನಿಸಿಯಸ್ ಎಂಬ ಸನ್ಯಾಸಿ, ಕ್ರಿ. ಶ. 525ರಲ್ಲಿ. ಅವನ ಎಣಿಕೆಯಲ್ಲಿ ಕೆಲವು ವರ್ಷಗಳ ವ್ಯತ್ಯಾಸ ಉಳಿದುಹೋಯಿತು. ತಪ್ಪಿದ್ದು ಪಂಚಾಂಗವೇ ಹೊರತು ಸುವಾರ್ತೆಯಲ್ಲ.

4. ಖಾನೇಷುಮಾರಿಯ ತೊಡಕು

ಅತಿ ಕಠಿಣವಾದ ಪ್ರಶ್ನೆ ಇದೇ. ಔಗುಸ್ತ ಚಕ್ರವರ್ತಿಯ ಆಜ್ಞೆಯಿಂದ, ಕುರೇನ್ಯನು ಸಿರಿಯದ ಅಧಿಪತಿಯಾಗಿದ್ದಾಗ ಜನರನ್ನು ಬರೆಸಿಕೊಂಡರೆಂದು ಲೂಕನು ಹೇಳುತ್ತಾನೆ. ಆದರೆ ಜೋಸೆಫಸನ ಪ್ರಕಾರ ಕುರೇನ್ಯನು ಸಿರಿಯಕ್ಕೆ ಬಂದು ಯೂದಾಯದ ಆಸ್ತಿಪಾಸ್ತಿಗಳನ್ನು ಲೆಕ್ಕ ಹಾಕಿಸಿದ್ದು ಹೆರೋದನ ಮಗನಾದ ಅರ್ಖೆಲಾಯನನ್ನು ಪದಚ್ಯುತಗೊಳಿಸಿದ ಕ್ರಿ. ಶ. 6ರಲ್ಲಿ; ಹೆರೋದನು ಸತ್ತು ಸುಮಾರು ಹತ್ತು ವರ್ಷಗಳ ಮೇಲೆ. ಆ ಲೆಕ್ಕವನ್ನು ವಿರೋಧಿಸಿ ಗಲಿಲಾಯದ ಯೂದನು ದಂಗೆ ಎಬ್ಬಿಸಿದನು. ಈ ದಂಗೆಯನ್ನು ಲೂಕನೂ ಅರಿತಿದ್ದನೆಂಬದಕ್ಕೆ ಅಪೊಸ್ತಲರ ಕೃತ್ಯಗಳ ಐದನೆಯ ಅಧ್ಯಾಯವೇ ಸಾಕ್ಷಿ.

ಈ ತೊಡಕನ್ನು ಬಿಡಿಸಲು ವಿದ್ವಾಂಸರು ಬಹಳವಾಗಿ ಶ್ರಮಿಸಿದ್ದಾರೆ. ಸರ್ ವಿಲಿಯಂ ರಾಮ್ಸೆಯವರು 1898ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕುರೇನ್ಯನು ಮುಂಚೆಯೂ ಒಮ್ಮೆ ಸಿರಿಯದಲ್ಲಿ ಅಧಿಕಾರ ನಡಿಸಿದ್ದನೆಂದು ವಾದಿಸಿದರು. ಆದರೆ ಹೆರೋದನ ಕೊನೆಯ ವರ್ಷಗಳಲ್ಲಿ ಸಿರಿಯವನ್ನು ಆಳಿದ ಸತುರ್ನೀನ, ವಾರ ಎಂಬ ಅಧಿಪತಿಗಳ ಹೆಸರುಗಳು ಜೋಸೆಫಸನಲ್ಲಿಯೇ ಇವೆ. ಲೂಕನ ಗ್ರೀಕ್ ವಾಕ್ಯವನ್ನು "ಕುರೇನ್ಯನ ಅಧಿಕಾರಕ್ಕೆ ಮುಂಚೆ" ಎಂದು ಅರ್ಥಮಾಡಬಹುದೆಂದು ಬೇರೆ ಕೆಲವರ ಮತ. ಭಾಷಾಜ್ಞರಲ್ಲಿ ಹೆಚ್ಚಿನವರು ಅದನ್ನು ಒಪ್ಪುವದಿಲ್ಲ. ಲೂಕನ ಪಕ್ಷದಲ್ಲಿ ಹೇಳತಕ್ಕದ್ದೂ ಉಂಟು. ಕ್ರಿ. ಶ. 104ರಲ್ಲಿ ಐಗುಪ್ತದ ಅಧಿಪತಿಯು ಮನೆಮನೆಯ ಲೆಕ್ಕಕ್ಕಾಗಿ, ಊರು ಬಿಟ್ಟು ಹೋದವರೆಲ್ಲರೂ ಸ್ವಸ್ಥಾನಕ್ಕೆ ಹಿಂದಿರುಗಬೇಕೆಂದು ಹೊರಡಿಸಿದ ಆಜ್ಞಾಪತ್ರವು ದೊರೆತಿದೆ. ಆದರೆ ಅದರಲ್ಲಿ ಹೇಳಿದ್ದು ಅವರವರ ಮನೆಗಳನ್ನೇ. ಸಾವಿರ ವರ್ಷ ಹಿಂದಿನ ಪಿತೃವಿನ ಊರನ್ನಲ್ಲ. ಸತ್ಯವನ್ನು ಹೇಳಬೇಕಾದರೆ, ಈ ಗಂಟು ಇನ್ನೂ ಬಿಚ್ಚಿಲ್ಲ. ಲೂಕನು ಎರಡು ಕಾಲಗಳನ್ನು ಒಂದಾಗಿ ಸೇರಿಸಿದನೆಂದು ಅನೇಕ ಕ್ರೈಸ್ತ ಪಂಡಿತರೇ ಒಪ್ಪಿಕೊಂಡಿದ್ದಾರೆ. ಬೆಲೆಬಾಳುವ ವಸ್ತುವನ್ನು ಕಾಪಾಡಲು ಸುಳ್ಳಿನ ಬೀಗ ಬೇಕಾಗಿಲ್ಲ.

5. ಬೇತ್ಲೆಹೇಮಿನ ಶಿಶುಗಳು

ಹೆರೋದನು ಶಿಶುಗಳನ್ನು ಕೊಲ್ಲಿಸಿದನೆಂಬದನ್ನು ಮತ್ತಾಯನ ಹೊರತು ಆ ಕಾಲದ ಬೇರೆ ಯಾರೂ ಬರೆದಿಲ್ಲ. ಹೆರೋದನ ಅಪರಾಧಗಳನ್ನು ವಿಸ್ತಾರವಾಗಿ ಬರೆದ ಜೋಸೆಫಸನೂ ಮೌನವಾಗಿದ್ದಾನೆ. ಇದು ಅಲಕ್ಷ್ಯ ಮಾಡತಕ್ಕ ಮೌನವಲ್ಲ. ಬೇತ್ಲೆಹೇಮ್ ಚಿಕ್ಕ ಊರಾಗಿತ್ತು, ಸತ್ತ ಶಿಶುಗಳು ಕೆಲವೇ ಆಗಿರಬಹುದು, ಆದಕಾರಣ ಸುದ್ದಿ ಹಬ್ಬಲಿಲ್ಲವೆಂಬದು ಒಂದು ಉತ್ತರ. ತನ್ನ ಮೂವರು ಗಂಡುಮಕ್ಕಳನ್ನೇ ಕೊಲ್ಲಿಸಿದ ಅರಸನಿಗೆ ಈ ಕೃತ್ಯವು ಅಸಹಜವಲ್ಲವೆಂದೂ ಹೇಳಬಹುದು. ಸಾಧ್ಯವೆಂಬದು ಒಂದು, ಸಿದ್ಧವಾಯಿತೆಂಬದು ಇನ್ನೊಂದು. ಈ ಭೇದವನ್ನು ಮಕ್ಕಳಿಗೆ ಕಲಿಸತಕ್ಕದ್ದು.

6. ಚರಿತ್ರೆಯ ಮೇರೆ

ಯೇಸು ಎಂಬವನು ಇದ್ದನು, ಪೊಂತ್ಯ ಪಿಲಾತನ ಕಾಲದಲ್ಲಿ ಮರಣಶಿಕ್ಷೆಗೆ ಗುರಿಯಾದನು ಎಂಬದನ್ನು ಕ್ರಿಸ್ತಮತದವನಲ್ಲದ ರೋಮನ್ ಚರಿತ್ರಕಾರನಾದ ತಾಸಿತನೂ ಬರೆದಿದ್ದಾನೆ. ಅದು ಚರಿತ್ರೆಯ ದೃಢವಾದ ನೆಲ. ಆತನು ಹೆರೋದನ ಅಂತ್ಯಕಾಲದಲ್ಲಿ ಹುಟ್ಟಿದನು, ಮರಿಯಳು ಆತನ ತಾಯಿ, ನಜರೇತ್ ಆತನು ಬೆಳೆದ ಊರು ಎಂಬವೂ ಬಲವಾದ ಸಂಗತಿಗಳು. ಬೇತ್ಲೆಹೇಮ್ ವಾದದಲ್ಲಿದೆ, ಖಾನೇಷುಮಾರಿ ತೊಡಕಿನಲ್ಲಿದೆ. ಕನ್ನಿಕೆಯಲ್ಲಿ ಜನನವನ್ನೂ ದೇವದೂತರ ಗೀತವನ್ನೂ ಯಾವ ತಾಳೆಪತ್ರವಾಗಲಿ ಶಿಲಾಶಾಸನವಾಗಲಿ ಸಿದ್ಧಮಾಡಲಾರದು, ಸುಳ್ಳೆಂದು ತೋರಿಸಲೂ ಆರದು. ಅವು ವಿಶ್ವಾಸಕ್ಕೆ ಸೇರಿದವು. ವಿಶ್ವಾಸಿಯು "ನಾನು ನಂಬುತ್ತೇನೆ" ಎನ್ನಬೇಕಾದಲ್ಲಿ "ಚರಿತ್ರೆ ಸ್ಥಾಪಿಸಿದೆ" ಎನ್ನಬಾರದು. ನಂಬದವನು "ನಾನು ನಂಬಲಾರೆ" ಎನ್ನಬೇಕಾದಲ್ಲಿ "ಚರಿತ್ರೆ ನಿರಾಕರಿಸಿದೆ" ಎನ್ನಬಾರದು.

ಪ್ರಿಯ ಸಹೋದರಿಯರೇ, ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದ್ದು ಬರೀ ಬಾಯಿಪಾಠಕ್ಕಾಗಿ ಅಲ್ಲ. ಇಂಥಿಂಥದು ಗೊತ್ತು, ಇಂಥಿಂಥದು ಸಂಶಯ, ಇಂಥಿಂಥದು ನನ್ನ ನಂಬಿಕೆ ಎಂದು ವಿಂಗಡಿಸಿ ಹೇಳಬಲ್ಲ ತಾಯಿಯನ್ನು ಮಗುವು ಬೆಳೆದ ಮೇಲೆಯೂ ನಂಬುವದು. ತಿಳಿಯದ್ದನ್ನು ತಿಳಿದಂತೆ ಸಾಧಿಸಿದ ತಾಯಿಯ ಮಾತನ್ನಾದರೋ, ಒಂದು ತಪ್ಪು ಹೊರಬಿದ್ದ ದಿನ, ಅದು ಎಲ್ಲ ವಿಷಯಗಳಲ್ಲಿಯೂ ಸಂಶಯಿಸುವದು. ಪರೀಕ್ಷೆಗೆ ಅಂಜಿ ಮುಚ್ಚಿಟ್ಟ ನಂಬಿಕೆಯು ಮಕ್ಕಳ ಕೈಗೆ ದಾಟುವದಿಲ್ಲ. ಬೆಳಕಿನಲ್ಲಿ ತೆರೆದಿಟ್ಟದ್ದೇ ದಾಟುವದು.