ನರ್ಸಿಂಗ್ ಕಾಲೇಜು ಆರಿಸುವ ಮೊದಲು



ಐರಣಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮಗಳನ್ನು ನರ್ಸಿಂಗ್‌ಗೆ ಸೇರಿಸುವಾಗ, ಶುಲ್ಕ ಹೆಚ್ಚಿದ್ದರೆ ಓದೂ ಹೆಚ್ಚು ಎಂದು ಹಲವರು ತಿಳಿಯುತ್ತಾರೆ. ಹಾಗೇನಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು ಸರಕಾರಿಯಿರಲಿ, ಖಾಸಗಿಯಿರಲಿ, 4 ವರ್ಷದ ಬಿ.ಎಸ್ಸಿ. ನರ್ಸಿಂಗ್‌ಗೆ ಪಠ್ಯಕ್ರಮ, ಪರೀಕ್ಷೆ, ಪದವಿ ಒಂದೇ.

ನಿಜವಾದ ವ್ಯತ್ಯಾಸವಿರುವುದು ಆಸ್ಪತ್ರೆಯಲ್ಲಿ. ಇಂಜೆಕ್ಷನ್ ಕೊಡುವುದು, ಹೆರಿಗೆಗೆ ನೆರವಾಗುವುದು ರೋಗಿಯ ಪಕ್ಕದಲ್ಲೇ ನಿಂತು ಕಲಿಯುವ ಕೆಲಸ. ಹುಬ್ಬಳ್ಳಿಯ ಕೆಎಂಸಿಆರ್‌ಐನಂಥ (ಹಿಂದಿನ ಕಿಮ್ಸ್) ಸರಕಾರಿ ಆಸ್ಪತ್ರೆಗೆ ಹಲವು ಜಿಲ್ಲೆಗಳ ರೋಗಿಗಳು ಬರುತ್ತಾರೆ. ಖಾಸಗಿ ಕಾಲೇಜಾದರೆ ಅದರ ಆಸ್ಪತ್ರೆ ಯಾವುದು, ವಾರ್ಡುಗಳಲ್ಲಿ ರೋಗಿಗಳಿದ್ದಾರೆಯೇ ಎಂದು ಹೋಗಿ ನೋಡಿರಿ. ರಾಜ್ಯ ಶುಶ್ರೂಷಾ ಪರಿಷತ್ತಿನ ಮಾನ್ಯತೆ ಇದೆಯೇ ಎಂದೂ ಖಚಿತಪಡಿಸಿಕೊಳ್ಳಿರಿ.

ವರ್ಷಕ್ಕೆ 60,000 ರೂ. ಹೆಚ್ಚು ಶುಲ್ಕವೆಂದರೆ 4 ವರ್ಷಕ್ಕೆ 2,40,000 ರೂ. ಅದಕ್ಕಾಗಿ ಹೊಲ ಅಡವಿಡುವ, ಬಡ್ಡಿಗೆ ಸಾಲ ತರುವ ಮೊದಲು ಪರೀಕ್ಷಾ ಪ್ರಾಧಿಕಾರದ (ಕೆಇಎ) ಮೂಲಕ ಸರಕಾರಿ ಸೀಟಿಗೆ ಅರ್ಜಿ ಹಾಕಿರಿ. ಖಾಸಗಿ ಕಾಲೇಜುಗಳಲ್ಲೂ ಸರಕಾರಿ ಕೋಟಾದ ಸೀಟುಗಳಿರುತ್ತವೆ. ಏಜೆಂಟರ ಕೈಗೆ ಮುಂಗಡ ಹಣವನ್ನಾಗಲಿ, ಮೂಲ ಅಂಕಪಟ್ಟಿಯನ್ನಾಗಲಿ ಕೊಡಬೇಡಿರಿ.

ಝಕಾತ್ ಹಣ ನಮ್ಮಲ್ಲಿರುವ ಅಮಾನತ್. ಒಬ್ಬಳ ಶುಲ್ಕದಲ್ಲಿ ಉಳಿದದ್ದು ಇನ್ನೊಬ್ಬಳ ಹಾಸ್ಟೆಲ್ ಖರ್ಚಿಗಾಗುತ್ತದೆ. ಆದ್ದರಿಂದ ಅರ್ಜಿಯ ಜೊತೆ ಹಾಸ್ಟೆಲ್, ಸಮವಸ್ತ್ರ, ಪರೀಕ್ಷಾ ಶುಲ್ಕ ಸೇರಿ 4 ವರ್ಷದ ಒಟ್ಟು ಖರ್ಚನ್ನು ಕಾಲೇಜಿನಿಂದ ಬರೆಸಿಕೊಂಡು ತನ್ನಿರಿ. ಸರಕಾರಿ ಸೀಟು ಸಿಗದ ಮಕ್ಕಳ ಅರ್ಜಿಯನ್ನೂ ನಾವು ಪರಿಗಣಿಸುತ್ತೇವೆ. ಸೀಟು ಸಿಗಲಿಲ್ಲವೆಂದು ಓದು ಬಿಡಿಸಬೇಡಿರಿ.