ಬಣ್ಣ ಹೋಯಿತು, ಸುಟ್ಟದ್ದು ಹೋಗಲಿಲ್ಲ

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಗ್ರೈಂಡಿಂಗ್ ಶಾಪ್ ಇದೆ. ಹಾರ್ಡನಿಂಗ್ ಆಗಿ ಬರುವ ಶಾಫ್ಟ್‌ಗಳನ್ನು ಸೈಜಿಗೆ ತಂದುಕೊಡುವುದು ಕೆಲಸ. ಇತ್ತೀಚೆಗೆ ಕೆಲವು ಜಾಬ್‌ಗಳ ಮೇಲೆ ಕಂದು, ನೀಲಿ ಪಟ್ಟೆ ಬೀಳುತ್ತಿದೆ. ಕೊನೆಗೆ ಒಂದೆರಡು ಹಗುರ ಪಾಸ್ ಕೊಟ್ಟರೆ ಬಣ್ಣ ಹೋಗುತ್ತದೆ. ಅಷ್ಟು ಸಾಕೇ? ವೀಲ್ ಬೇಗ ಸವೆಯುತ್ತಿತ್ತೆಂದು ಸ್ವಲ್ಪ ಗಟ್ಟಿ ವೀಲ್ ಹಾಕಿದ್ದೆವು. ಅದಕ್ಕೂ ಇದಕ್ಕೂ ಸಂಬಂಧ ಇದೆಯೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಸಂಬಂಧ ಇದೆ. ನನ್ನ ಅನುಮಾನ ಮೊದಲು ಹೋಗುವುದೇ ಆ ಗಟ್ಟಿ ವೀಲ್ ಮೇಲೆ. ಆದರೆ ಬಣ್ಣದ ಮಾತನ್ನು ಮೊದಲು ಮುಗಿಸಿಬಿಡೋಣ, ಏಕೆಂದರೆ ಅದು ಗಿರಾಕಿಯ ಕೈ ಸೇರುವ ಮಾಲಿನ ವಿಚಾರ.

ಸಾಕಾಗುವುದಿಲ್ಲ. ನೀವು ನೋಡುತ್ತಿರುವ ಬಣ್ಣ ಬಿಸಿಗೆ ಹುಟ್ಟಿದ ಆಕ್ಸೈಡ್ ಪದರ, ಒಂದು ಮೈಕ್ರಾನಿಗಿಂತ ಎಷ್ಟೋ ತೆಳು. ಕುಲುಮೆಯಲ್ಲಿ ನಿಧಾನಕ್ಕೆ ಕಾಯಿಸಿದ ಉಕ್ಕು ನೀಲಿಗೆ ತಿರುಗುವುದು ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಗ್ರೈಂಡಿಂಗ್‌ನಲ್ಲಿ ವೀಲ್ ಒಂದು ಜಾಗವನ್ನು ಮುಟ್ಟಿಹೋಗಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಅಷ್ಟರಲ್ಲೇ ನೀಲಿ ಬಂದಿದೆ ಎಂದರೆ ಅಲ್ಲಿನ ಬಿಸಿ ಅದಕ್ಕಿಂತ ಬಹಳ ಮೇಲೇರಿತ್ತು. ನಿಮ್ಮ ಶಾಫ್ಟ್ ಬಹುಶಃ 150ರಿಂದ 200 ಡಿಗ್ರಿಯಲ್ಲಿ ಟೆಂಪರ್ ಆಗಿ ಬಂದದ್ದು. ಅದನ್ನು ಮೀರಿ ಕಾದ ಮೇಲ್ಪದರ ಮೆತ್ತಗಾಗುತ್ತದೆ. 750 ಡಿಗ್ರಿಯನ್ನೂ ದಾಟಿ ಕೂಡಲೇ ತಣಿದರೆ ಕಥೆಯೇ ಬೇರೆ. ಮೇಲಿನ ತೆಳು ಪದರ ಮತ್ತೆ ಹಾರ್ಡನ್ ಆಗಿ ಪೆಡಸಾಗುತ್ತದೆ, ಅದರ ಕೆಳಗೆ ಮೆತ್ತನೆಯ ಪದರ ಉಳಿಯುತ್ತದೆ, ಕಣ್ಣಿಗೆ ಕಾಣದ ಬಿರುಕುಗಳೂ ಶುರುವಾಗುತ್ತವೆ. ಹಗುರ ಪಾಸ್ ತೆಗೆಯುವುದು ಕೆಲವೇ ಮೈಕ್ರಾನ್. ಕೆಟ್ಟ ಉಕ್ಕು ಹತ್ತಾರು ಮೈಕ್ರಾನ್ ಆಳಕ್ಕೆ ಇಳಿದಿರುತ್ತದೆ. ಬಣ್ಣ ತೆಗೆದುಹಾಕಿದಾಗ ನೀವು ಸಾಕ್ಷಿಯನ್ನಷ್ಟೇ ಅಳಿಸಿದಿರಿ.

ಅನುಮಾನದ ಜಾಬ್‌ಗಳನ್ನು ನೈಟಾಲ್ ಪರೀಕ್ಷೆಗೆ ಕೊಡಿ. ಆಲ್ಕೋಹಾಲಿನಲ್ಲಿ ಬೆರೆಸಿದ ತೆಳು ನೈಟ್ರಿಕ್ ಆಸಿಡ್‌ಗೆ ಅದ್ದಿದರೆ ಸುಟ್ಟು ಮೆತ್ತಗಾದ ಜಾಗ ಕಪ್ಪಗೆ ಎದ್ದು ಕಾಣುತ್ತದೆ. ಮತ್ತೆ ಹಾರ್ಡನ್ ಆದದ್ದು ಬೆಳ್ಳಗೆ, ಸುತ್ತ ಕಪ್ಪು ಅಂಚಿನೊಂದಿಗೆ. ಶಾಪಿನ ಮೂಲೆಯಲ್ಲಿ ನೀವೇ ಆಸಿಡ್ ಬೆರೆಸಲು ಹೋಗಬೇಡಿ, ಲ್ಯಾಬಿನವರು ಮಾಡಿಕೊಡುತ್ತಾರೆ.

ಈಗ ವೀಲ್. ನಿಮ್ಮ ವೀಲ್ ಮೇಲೆ ‘ಎ 60 ಕೆ 5 ವಿ’ ಎಂಬಂಥ ಬರಹ ಇರುತ್ತದೆ. ಎ ಎಂದರೆ ಅಲ್ಯೂಮಿನಿಯಂ ಆಕ್ಸೈಡ್, 60 ಹರಳಿನ ಗಾತ್ರ, ಕೆ ಎಂಬುದು ಗ್ರೇಡ್. ಆ ಅಕ್ಷರ ಮುಂದಕ್ಕೆ ಹೋದಂತೆ ಬಾಂಡ್ ಹರಳನ್ನು ಹೆಚ್ಚು ಬಿಗಿಯಾಗಿ ಹಿಡಿದಿರುತ್ತದೆ. ಹರಳು ಚೂಪಾಗಿದ್ದಾಗ ಲೋಹವನ್ನು ಕತ್ತರಿಸುತ್ತದೆ. ಮೊಂಡಾದರೆ ಬರೀ ಉಜ್ಜುತ್ತದೆ. ಉಜ್ಜಿದ್ದೆಲ್ಲ ಬಿಸಿ. ಲೇಥಿನಲ್ಲಿ ಹೆಚ್ಚಿನ ಬಿಸಿ ಚಿಪ್ಸ್ ಜೊತೆ ಹೊರಟುಹೋಗುತ್ತದೆ, ಇಂಥ ವೀಲ್‌ನಲ್ಲಿ ಮಾತ್ರ ಅರ್ಧಕ್ಕಿಂತ ಹೆಚ್ಚು ಜಾಬಿನೊಳಗೇ ಇಳಿಯುತ್ತದೆ. ಹಾಗಾಗಿ ಮೊಂಡಾದ ಹರಳು ಉದುರಿ ಹೊಸದು ಮುಂದೆ ಬರಬೇಕು. ಗಟ್ಟಿ ವೀಲ್ ಅದನ್ನು ಉದುರಲು ಬಿಡುವುದಿಲ್ಲ. ಹಾರ್ಡ್ ಜಾಬಿಗೆ ಸಾಫ್ಟ್ ವೀಲ್, ಸಾಫ್ಟ್ ಜಾಬಿಗೆ ಹಾರ್ಡ್ ವೀಲ್ ಎಂದು ಹಳೆಯ ಗ್ರೈಂಡರ್‌ಗಳು ಹೇಳುವುದು ಇದಕ್ಕೇ. ವೀಲಿನ ಮುಖ ಹೊಳೆಯುತ್ತಿದ್ದರೆ, ಕಿರುಗುಟ್ಟುತ್ತಿದ್ದರೆ, ಸ್ಪಿಂಡಲ್ ಮೋಟರಿನ ಆಂಪ್ಸ್ ಏರುತ್ತಿದ್ದರೆ ಅದು ಕತ್ತರಿಸುವುದನ್ನು ನಿಲ್ಲಿಸಿದೆ. ವೀಲ್ ಸವೆಯುವುದು ನಷ್ಟವಲ್ಲ, ಅದರ ಕೆಲಸವೇ ಅದು. ಒಂದು ವೀಲ್ ಎಷ್ಟು ದಿನ ಬಂತು ಎಂದು ಲೆಕ್ಕ ಇಡುವ ಬದಲು ಒಂದು ಒಳ್ಳೆಯ ಶಾಫ್ಟಿಗೆ ಒಟ್ಟು ಎಷ್ಟು ಖರ್ಚಾಯಿತು ಎಂದು ಇಡಿ.

ಆದರೂ ಇಂದೇ ವೀಲ್ ಬದಲಾಯಿಸಬೇಡಿ. ಮೊದಲು ನಿಮ್ಮ ಆಪರೇಟರ್ ಡ್ರೆಸ್ಸಿಂಗ್ ಮಾಡುವುದನ್ನು ಗಡಿಯಾರ ಹಿಡಿದು ನೋಡಿ. ವೀಲ್ 50 ಮಿ.ಮೀ. ಅಗಲ, 1800 ಆರ್‌ಪಿಎಂ ಎಂದಿಟ್ಟುಕೊಳ್ಳಿ. ಒಂದು ಸುತ್ತಿಗೆ ಡೈಮಂಡ್ 0.1 ಮಿ.ಮೀ. ಸರಿದರೆ ಆ ಅಗಲ ದಾಟಲು ಸುಮಾರು 17 ಸೆಕೆಂಡ್ ಸಾಕು. ಫಿನಿಶ್ ಚೆನ್ನಾಗಿ ಬರಲೆಂದು ಅವರು ಒಂದು ನಿಮಿಷ ತೆಗೆದುಕೊಳ್ಳುತ್ತಿದ್ದರೆ, ಒಂದೇ ಹರಳಿನ ಮೇಲೆ ಡೈಮಂಡ್ ಮತ್ತೆ ಮತ್ತೆ ಹಾದು ಅದರ ತುದಿಯನ್ನು ಚಪ್ಪಟೆ ಮಾಡುತ್ತದೆ. ಹೊಸದಾಗಿ ಡ್ರೆಸ್ ಆದ ವೀಲ್ ಮೊದಲ ಜಾಬಿಗೇ ಮೊಂಡಾಗಿ ಹೋಗುತ್ತದೆ! ರಫಿಂಗ್‌ಗೆ ಬೇಗ ಸರಿಸಿ, ಫಿನಿಶಿಂಗ್‌ಗೆ ಮಾತ್ರ ಸ್ವಲ್ಪ ನಿಧಾನ ಮಾಡಿ. ಡೈಮಂಡಿನ ತುದಿಯೇ ಸವೆದು ಅಗಲವಾಗಿದ್ದರೆ ಏನು ಮಾಡಿದರೂ ವ್ಯರ್ಥ. ಹೋಲ್ಡರಿನಲ್ಲಿ ಅದನ್ನು ಆಗಾಗ ತಿರುಗಿಸುತ್ತಿರಬೇಕು. ಒಂದು ರೂಪಾಯಿ ಖರ್ಚಿಲ್ಲದ ಈ ರಿಪೇರಿಯೇ ಅರ್ಧ ದೂರು ಮುಗಿಸುವುದನ್ನು ನೋಡಿದ್ದೇನೆ.

ಮುಂದಿನದು ಕೂಲೆಂಟ್. ಧಾರಾಳವಾಗಿ ಸುರಿಯುತ್ತಿದೆ ಎಂದು ನೀವು ಹೇಳಬಹುದು. ಸುರಿಯುವುದು ಬೇರೆ, ಒಳಹೋಗುವುದು ಬೇರೆ. ಸೆಕೆಂಡಿಗೆ 33 ಮೀಟರ್ ವೇಗದ ವೀಲ್ ತನ್ನ ಸುತ್ತ ಗಾಳಿಯ ಪದರವನ್ನೂ ಎಳೆದುಕೊಂಡು ತಿರುಗುತ್ತದೆ, ನಿಧಾನದ ಧಾರೆಯನ್ನು ಅದು ಆಚೆಗೆ ತಳ್ಳಿಬಿಡುತ್ತದೆ. ಧಾರೆಯ ವೇಗ ವೀಲಿನ ವೇಗಕ್ಕೆ ಸಮನಾಗಬೇಕಾದರೆ ನಾಜಲ್ ಬಾಯಲ್ಲಿ ಸುಮಾರು 5 ಬಾರ್ ಒತ್ತಡ ಬೇಕು. ನಿಮ್ಮ ಪಂಪ್ ಅಷ್ಟು ಕೊಡದಿದ್ದರೆ ನಾಜಲ್ ಅನ್ನು ಸಂಪರ್ಕದ ಜಾಗಕ್ಕೆ ಹತ್ತಿರ ತನ್ನಿ, ಅದರ ಬಾಯಿ ಕಿರಿದು ಮಾಡಿ, ಗಾಳಿ ಕತ್ತರಿಸಲು ವೀಲಿನ ಮುಖಕ್ಕೆ ತಾಗದಂತೆ ಒಂದು ತಗಡು ಕೂರಿಸಿ. ಬಿಸಿ ಮಿತಿ ಮೀರಿದ ಮೇಲೆ ನೀರು ಬೆರೆತ ಕೂಲೆಂಟ್ ಲೋಹವನ್ನು ಮುಟ್ಟುವುದೇ ಇಲ್ಲ. ಚೆನ್ನಾಗಿ ಕಾದ ದೋಸೆ ಹೆಂಚಿನ ಮೇಲೆ ನೀರ ಹನಿ ಉರುಳಾಡುವುದಿಲ್ಲವೇ, ಅದೇ ಆವಿಯ ತೊಡಕು ಇಲ್ಲೂ.

ಜಾಬಿನ ವೇಗದ ಬಗ್ಗೆ ಒಂದು ಮಾತು. ಸುಟ್ಟಿತೆಂದು ಜಾಬನ್ನು ನಿಧಾನ ತಿರುಗಿಸುವವರಿದ್ದಾರೆ. ಅದು ಉಲ್ಟಾ. ಒಂದೇ ಜಾಗದಲ್ಲಿ ಬಿಸಿ ಹೆಚ್ಚು ಹೊತ್ತು ನಿಲ್ಲುತ್ತದೆ. ಪ್ರತಿ ಪಾಸಿನ ಆಳ ಕಡಿಮೆ ಮಾಡಿ, ಜಾಬಿನ ವೇಗ ಹೆಚ್ಚಿಸಿ. ತೆಗೆಯುವ ಲೋಹ ಅಷ್ಟೇ, ಬಿಸಿ ಮಾತ್ರ ಕಡಿಮೆ.

ಇಷ್ಟಾದ ಮೇಲೂ ಸರಿಹೋಗದಿದ್ದರೆ ಗ್ರೇಡ್ ಒಂದು ಅಕ್ಷರ ಹಿಂದಕ್ಕೆ ತನ್ನಿ. ಸಿಬಿಎನ್ (ಕ್ಯೂಬಿಕ್ ಬೋರಾನ್ ನೈಟ್ರೈಡ್) ವೀಲ್ ಮಾರುವವರು ನಿಮ್ಮ ಬಾಗಿಲಿಗೂ ಬಂದಿರಬಹುದು. 1957ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ರಾಬರ್ಟ್ ವೆಂಟಾರ್ಫ್ ತಯಾರಿಸಿದ ಈ ವಸ್ತು ಹಾರ್ಡ್ ಉಕ್ಕಿಗೆ ನಿಜಕ್ಕೂ ಹೇಳಿಮಾಡಿಸಿದ್ದು. ಬಿಸಿಯನ್ನು ತಾನೇ ಎಳೆದುಕೊಳ್ಳುತ್ತದೆ, ಜಾಬಿಗೆ ಹೋಗುವುದು ಸ್ವಲ್ಪವೇ. ಆದರೆ ಬೆಲೆ ವಿಪರೀತ. ಸ್ಪಿಂಡಲ್, ಡ್ರೆಸ್ಸರ್, ಕೂಲೆಂಟ್ ಮೂರೂ ಗಟ್ಟಿಯಾಗಿರದ ಹಳೆಯ ಮೆಷಿನ್‌ಗೆ ಅದನ್ನು ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಕೊನೆಗೆ ನೀವು ಕೇಳದೇ ಇದ್ದ ಒಂದು ಸಂಗತಿ. ಅದೇ 1800 ಆರ್‌ಪಿಎಂನಲ್ಲಿ 350 ಮಿ.ಮೀ. ವೀಲಿನ ಅಂಚಿನ ವೇಗ ಸೆಕೆಂಡಿಗೆ 33 ಮೀಟರ್; ಸವೆದು 260ಕ್ಕೆ ಬಂದಾಗ 24.5 ಮೀಟರ್ ಮಾತ್ರ. ವೇಗ ಇಳಿದಂತೆ ವೀಲ್ ಮೆತ್ತಗಿನದರಂತೆ ವರ್ತಿಸಿ ಬೇಗ ಸವೆಯುತ್ತದೆ. ನೀವು ಗಟ್ಟಿ ವೀಲ್‌ಗೆ ಹೋಗಲು ಇದೇ ಕಾರಣವಾಗಿರಬಹುದು. ಆರ್‌ಪಿಎಂ ಏರಿಸಿ ಸರಿದೂಗಿಸಬಹುದು, ವೀಲ್ ಮೇಲೆ ಬರೆದಿರುವ ಗರಿಷ್ಠ ವೇಗ ದಾಟದಂತೆ. ಹಾಗೆ ಏರಿಸಿದ್ದರೆ, ಹೊಸ ವೀಲ್ ಕೂರಿಸುವ ಮೊದಲು ಅದನ್ನು ಮತ್ತೆ ಇಳಿಸಲೇಬೇಕು. ದೊಡ್ಡ ವೀಲ್ ಆ ವೇಗಕ್ಕೆ ಸಿಡಿಯಬಹುದು. ಮೆಷಿನ್ ಮೇಲೆಯೇ ಒಂದು ಚೀಟಿ ಅಂಟಿಸಿಡಿ.