ಗುಲಾಬಿಗೆ ಬೇಕಾದದ್ದು ಕತ್ತರಿ

ತಂದ ಹೊಸದರಲ್ಲಿ ನಾಲ್ಕು ಹೂ ಬಿಟ್ಟ ಗುಲಾಬಿ ಆಮೇಲೆ ಬರೀ ಉದ್ದುದ್ದ ಕಡ್ಡಿಯಾಗಿ ನಿಂತಿದೆ ಎಂಬ ದೂರು ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಕೇಳಿಸುತ್ತದೆ. ಗೊಬ್ಬರ ಸಾಲದೇನೋ ಎಂದು ಮತ್ತಷ್ಟು ಸುರಿಯುತ್ತಾರೆ. ಎಷ್ಟೋ ಸಲ ಸಾಲದಿರುವುದು ಕತ್ತರಿ. ಹೈಬ್ರಿಡ್ ಟೀ ಗುಲಾಬಿ ಹೂ ಕೊಡುವುದು ಹೊಸ ಚಿಗುರಿನ ತುದಿಯಲ್ಲಿ. ಹಳೆ ಕಡ್ಡಿಯನ್ನು ಕತ್ತರಿಸದೆ ಗಟ್ಟಿ ಚಿಗುರು ಬರುವುದಿಲ್ಲ.

1867ರ ಫ್ರಾನ್ಸಿನ ‘ಲಾ ಫ್ರಾನ್ಸ್’ ಈ ಗುಂಪಿನ ಮೊದಲ ತಳಿ ಎಂದು ಹೆಸರಾಗಿದೆ. ಚೀನಾ ಮೂಲದ ಟೀ ಗುಲಾಬಿಯಿಂದ ಬಂದ ಬಳುವಳಿ ಎರಡು: ಮೊನಚು ಮೊಗ್ಗು ಮತ್ತು ವರ್ಷವಿಡೀ ಸರದಿಯ ಮೇಲೆ ಹೂ ಬಿಡುವ ಗುಣ. ಸರದಿ ನಡೆಯಬೇಕಾದರೆ ಆಗಾಗ ಸವರುತ್ತಿರಬೇಕು.

ಹಂತ 1: ಗಿಡ ಆರಿಸಿ

ತಳ್ಳುಗಾಡಿಯವನು ಅರಳಿದ ಹೂ ತೋರಿಸಿ ಮಾರುತ್ತಾನೆ. ನೀವು ಹೂವನ್ನು ಬಿಟ್ಟು ಬುಡ ನೋಡಿ. ಪೆನ್ಸಿಲ್ ದಪ್ಪದ ಎರಡು ಮೂರು ಹಸಿರು ಕಡ್ಡಿಗಳಿರಬೇಕು. ಬುಡದಲ್ಲಿ ಉಬ್ಬಿದ ಗಂಟೊಂದು ಕಾಣುತ್ತದೆ. ಕಾಡು ಗುಲಾಬಿಯ ಬೇರಿಗೆ ಕಣ್ಣು ಕಸಿ ಕಟ್ಟಿದ ಜಾಗ ಅದು. ಅಲ್ಲಿ ಪ್ಲಾಸ್ಟಿಕ್ ಪಟ್ಟಿ ಉಳಿದಿದ್ದರೆ ಬಿಚ್ಚಿ, ಇಲ್ಲದಿದ್ದರೆ ಕಡ್ಡಿ ದಪ್ಪಗಾದಂತೆ ಕತ್ತು ಹಿಸುಕುತ್ತದೆ. ಮೊದಲ ಗಿಡಕ್ಕೆ ‘ಗ್ಲಾಡಿಯೇಟರ್’ ಒಳ್ಳೆಯದು. ‘ಡಬಲ್ ಡಿಲೈಟ್’ ಬಣ್ಣಕ್ಕೂ ವಾಸನೆಗೂ ಮರುಳಾಗುವಂಥದ್ದೇ, ಆದರೆ ಬೂದಿ ರೋಗಕ್ಕೆ ಬೇಗ ತುತ್ತಾಗುತ್ತದೆ. ಅದನ್ನು ಕೈ ಪಳಗಿದ ಮೇಲೆ ತನ್ನಿ.

ಹಂತ 2: ಜಾಗ, ಮಣ್ಣು, ನೆಡುವಿಕೆ

ದಿನಕ್ಕೆ 6 ಗಂಟೆ ಬಿಸಿಲು ಬೇಕೇ ಬೇಕು, ಅದರಲ್ಲೂ ಬೆಳಗಿನದು. ಬಾಲ್ಕನಿಯಲ್ಲಿ ಅಷ್ಟು ಬಿಸಿಲಿಲ್ಲವೆಂದರೆ ಗುಲಾಬಿಯ ಯೋಚನೆ ಬೇಡ, ನೆರಳಿನ ಗಿಡ ನೋಡಿಕೊಳ್ಳಿ.

ನೆಲದಲ್ಲಾದರೆ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ. ಗಿಡದಿಂದ ಗಿಡಕ್ಕೆ ಎರಡೂವರೆ ಅಡಿ. ಕುಂಡವಾದರೆ 12 ಇಂಚಿಗಿಂತ ಚಿಕ್ಕದು ಬೇಡ. ಕೆಂಪು ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ, ಒಂದು ಹಿಡಿ ಎಲುಬಿನ ಪುಡಿ. ಕಸಿಯ ಗಂಟು ಮಣ್ಣಿನಿಂದ ಎರಡು ಬೆರಳು ಮೇಲಿರಲಿ.

ಹಂತ 3: ನೀರು, ಗೊಬ್ಬರ

ಮೇಲ್ಮಣ್ಣು ಒಣಗಿದಾಗ ಬುಡಕ್ಕೆ ನೀರು. ಸಂಜೆ ಪೈಪು ಹಿಡಿದು ಎಲೆ ತೊಳೆಯುವ ಅಭ್ಯಾಸ ಬಿಡಿ; ರಾತ್ರಿಯೆಲ್ಲ ಒದ್ದೆಯಿರುವ ಎಲೆ ಕಪ್ಪು ಚುಕ್ಕೆ ರೋಗವನ್ನು ಕರೆದು ತರುತ್ತದೆ. ತಿಂಗಳಿಗೊಮ್ಮೆ ಗೊಬ್ಬರ ಸಾಕು.

ಹಂತ 4: ಸವರುವುದು

ಇಂಗ್ಲೆಂಡಿನ ಪುಸ್ತಕಗಳು ಚಳಿಗಾಲ ಮುಗಿದ ಮೇಲೆ ಕತ್ತರಿಸಿ ಎನ್ನುತ್ತವೆ. ಅಲ್ಲಿ ಹಿಮಕ್ಕೆ ಗಿಡ ಮಲಗುತ್ತದೆ. ನಮ್ಮ ಬೆಂಗಳೂರು, ಮೈಸೂರಿನ ಹವೆಯಲ್ಲಿ ಗುಲಾಬಿಗೆ ನಿದ್ದೆಯೇ ಇಲ್ಲ, ಹಾಗಾಗಿ ತಾರೀಖು ನಮ್ಮ ಕೈಯಲ್ಲಿದೆ. ಜೂನ್‌ನಲ್ಲೊಮ್ಮೆ, ನವೆಂಬರ್‌ನಲ್ಲೊಮ್ಮೆ ಸವರುವುದು ಇಲ್ಲಿನ ರೂಢಿ. ಸವರಿದ ಸುಮಾರು 45 ದಿನಕ್ಕೆ ಹೂ. ಲಾಲ್‌ಬಾಗಿನ ಜನವರಿ ಪುಷ್ಪ ಪ್ರದರ್ಶನದ ಹೊತ್ತಿಗೇ ನಿಮ್ಮ ಅಂಗಳದಲ್ಲೂ ಹೂ ಬೇಕೆಂದರೆ, ಚಳಿಗೆ ನಾಲ್ಕು ದಿನ ಹೆಚ್ಚು ಹಿಡಿದುಕೊಂಡು ಡಿಸೆಂಬರ್ ಮೊದಲ ವಾರ ಕತ್ತರಿಸಿ. ಇದೇ ವರ್ಷ ನೆಟ್ಟ ಗಿಡವನ್ನು ಮಾತ್ರ ಅದರ ಪಾಡಿಗೆ ಬಿಡಿ.

ಎರಡು ಅಲಗೂ ಒಂದನ್ನೊಂದು ದಾಟಿ ಹೋಗುವ ಹರಿತವಾದ ಕತ್ತರಿ ಬೇಕು. ಮೊಂಡು ಕತ್ತರಿ ಕಡ್ಡಿಯನ್ನು ಜಜ್ಜುತ್ತದೆ. ಅಲಗನ್ನು ಸ್ಪಿರಿಟ್‌ನಲ್ಲಿ ಒರೆಸಿ ಶುರು ಮಾಡಿ.

ಮೊದಲು ಒಣಗಿದ್ದು, ರೋಗದ್ದು, ಒಂದಕ್ಕೊಂದು ಉಜ್ಜುವ ಕಡ್ಡಿಗಳನ್ನು ತೆಗೆಯಿರಿ. ನಡುವೆ ಗಾಳಿ ಬೆಳಕು ಓಡಾಡುವಂತೆ ನಾಲ್ಕೈದು ಗಟ್ಟಿ ಕಡ್ಡಿ ಉಳಿಯಲಿ. ಗಂಟಿನ ಕೆಳಗಿನಿಂದ ಎದ್ದ ಚಿಗುರು ಬೇರಿನ ಕಾಡು ಗುಲಾಬಿಯದು. ಅದನ್ನು ಕತ್ತರಿಸಿದರೆ ಮತ್ತೆ ಬರುತ್ತದೆ. ಮಣ್ಣು ಕೆದಕಿ ಬುಡಸಮೇತ ಕಿತ್ತುಹಾಕಿ.

ಉಳಿದ ಕಡ್ಡಿಗಳನ್ನು ಅರ್ಧದಷ್ಟು ಎತ್ತರಕ್ಕೆ ಇಳಿಸಿ. ಎಲ್ಲಿ ಕತ್ತರಿ ಇಡಬೇಕು ಎಂಬುದೇ ಇಲ್ಲಿನ ಕಸುಬು. ಕಡ್ಡಿಯನ್ನು ತಿರುಗಿಸಿ ನೋಡಿ: ಎಲೆ ಕೂತಿರುವ ಅಥವಾ ಉದುರಿದ ಗುರುತಿನ ಮೇಲೆ ಎಳ್ಳಿನ ಗಾತ್ರದ ಕೆಂಪನೆ ಉಬ್ಬು ಇರುತ್ತದೆ. ಅದೇ ಕಣ್ಣು. ಗಿಡದ ಹೊರಗೆ ಮುಖ ಮಾಡಿದ ಕಣ್ಣನ್ನು ಆರಿಸಿ, ಅದರಿಂದ ಕಾಲು ಇಂಚು ಮೇಲೆ, ಇಳಿಜಾರು ಕಣ್ಣಿನ ಎದುರು ಬದಿಗೆ ಬರುವಂತೆ ಓರೆಯಾಗಿ ಕತ್ತರಿಸಿ. ನೀರು ಕಣ್ಣಿನ ಮೇಲೆ ನಿಲ್ಲಬಾರದು. ಹೆಚ್ಚು ಮೇಲೆ ಕತ್ತರಿಸಿದರೆ ಉಳಿದ ಮೋಟು ಒಣಗಿ ಕೆಳಗಿಳಿಯುತ್ತದೆ, ತೀರಾ ಹತ್ತಿರವಾದರೆ ಕಣ್ಣೇ ಸಾಯುತ್ತದೆ.

ಕತ್ತರಿಸಿದ ಮುಖ ನೋಡಿ. ನಡುವಿನ ತಿರುಳು ಬೆಳ್ಳಗಿದ್ದರೆ ಸರಿ. ಕಂದಾಗಿದ್ದರೆ ಇನ್ನೊಂದು ಕಣ್ಣು ಕೆಳಗೆ, ಬೇಕಾದರೆ ಮತ್ತೊಂದು ಕೆಳಗೆ, ಬಿಳಿ ಸಿಗುವವರೆಗೂ ಇಳಿಯಿರಿ. ಇಲ್ಲಿ ಮರುಕ ತೋರಿದವರ ಗಿಡ ತುದಿಯಿಂದ ಬುಡದವರೆಗೆ ಒಣಗಿಕೊಂಡು ಬರುತ್ತದೆ.

ಗಾಯಗಳಿಗೆ ಅಂದೇ ಬೋರ್ಡೋ ಮುಲಾಮು ಹಚ್ಚಿ: 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, 1 ಲೀಟರ್ ನೀರು. ಮೈಲುತುತ್ತವನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲೇ ಕರಗಿಸಿ, ಕಬ್ಬಿಣದಲ್ಲಿ ಬೇಡ. ಜೂನ್ ಮಳೆಯಲ್ಲಿ ಇದನ್ನು ತಪ್ಪಿಸಲೇಬೇಡಿ.

ಹಂತ 5: ಆಮೇಲೆ

ಚಿಗುರು ಬಂದಾಗ ಗೊಬ್ಬರ ಕೊಡಿ. ಎಳೆ ಮೊಗ್ಗಿನ ದಳ ಸುಟ್ಟಂತೆ ಕಂಡರೆ ಥ್ರಿಪ್ಸ್ ನುಸಿ ಇದೆಯೆಂದರ್ಥ. ಬೇವಿನೆಣ್ಣೆಯನ್ನು ಸೋಪಿನ ನೀರಿನಲ್ಲಿ ಕದಡಿ ಸಂಜೆ ಬಿಸಿಲಿಳಿಯುವಾಗ ಸಿಂಪಡಿಸಿ. ದೊಡ್ಡ ಹೂ ಬೇಕಾದರೆ ತುದಿಯ ಮೊಗ್ಗೊಂದನ್ನುಳಿಸಿ, ಪಕ್ಕದ ಪುಟ್ಟ ಮೊಗ್ಗುಗಳನ್ನು ಬಟಾಣಿ ಗಾತ್ರಕ್ಕೆ ಬರುವ ಮೊದಲೇ ಚಿವುಟಿ. ಬಾಡಿದ ಹೂವನ್ನು ತೊಟ್ಟಿಗೆ ಮುರಿಯುವ ಬದಲು ಕೆಳಗೆ ಐದು ಕಿರುಎಲೆಗಳಿರುವ ಮೊದಲ ಎಲೆಯವರೆಗೆ ಹೋಗಿ, ಅದರ ಮೇಲೆ ಕತ್ತರಿಸಿ. ಮುಂದಿನ ಹೂವಿನ ಕಡ್ಡಿ ಆ ಎಲೆಯ ಕಂಕುಳಿಂದಲೇ ಏಳುತ್ತದೆ.